ಸುಮ್ಮನೆ ಹತ್ತಿದ ಕಣಿವೆ

ನಮ್ಮೂರಲ್ಲಿ ಸೈಕಲ್ಲಿನ ಕ್ಯಾರಿಯರ್ ಖಾಲಿ ಕಂಡರೆ ಜನರಿಗೆ ತಡೆಯುವುದಿಲ್ಲ. ಬಂಗಾರಪೇಟೆಗೆ ಹೋಗುವವರ ಹಿಂದೆ ಹುಣಸೆಹಣ್ಣಿನ ಬುಟ್ಟಿ, ಅಲ್ಲಿಂದ ಬರುವವರ ಹಿಂದೆ ಹಿಂಡಿ ಮೂಟೆ, ಎರಡೂ ಇಲ್ಲದಿದ್ದರೆ ಯಾರದೋ ಮನೆಯ ಮುದುಕಿಯನ್ನಾದರೂ ಹತ್ತಿಸಿ ಕಳಿಸುತ್ತಾರೆ. ಅಂಥ ಊರಲ್ಲಿ, ಮಗಳನ್ನು ಮದುವೆ ಮಾಡಿ ಕೊಟ್ಟ ಹೆಂಗಸು ನಾನು, ಭಾನುವಾರ ಬಂತೆಂದರೆ ಏನೂ ಹೇರದ ಸೈಕಲ್ ತುಳಿದುಕೊಂಡು ಕಾಮಸಮುದ್ರದ ದಾರಿಯ ಕಣಿವೆ ಹತ್ತಿ ವಾಪಸು ಬರುತ್ತಿದ್ದೆ. ಯಾಕೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ, ಸುಮ್ಮನೆ. ಕಳ್ಳತನ ಮಾಡಿ ಬಂದಿದ್ದರೂ ಊರು ನನ್ನನ್ನು ಅಷ್ಟು ಅನುಮಾನದಿಂದ ನೋಡುತ್ತಿರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನನ್ನ ಗಂಡ ವೆಂಕಟೇಶಪ್ಪ ದಿನಾ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಕಾರ್ಖಾನೆಗೆ ಹೋಗಿ ಬರುವವನು. ಬಂಗಾರಪೇಟೆ ಸ್ಟೇಷನ್ನಿಗೆ ಓಡಾಡಲು ಮೊಪೆಡ್ ತಂದ ಮೇಲೆ ಅವನ ಹಳೆಯ ಸೈಕಲ್ಲು ಕೊಟ್ಟಿಗೆಯ ಗೋಡೆಗೆ ಒರಗಿತು. ಹಸುಗಳಿಗೆ ಹುಲ್ಲು ತರಲು, ಡೈರಿಗೆ ಹಾಲು ಹಾಕಿ ಬರಲು ನಾನೇ ಅದನ್ನು ತುಳಿಯತೊಡಗಿದೆ. ಚಿಕ್ಕವಳಿದ್ದಾಗ ಅಣ್ಣನ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ಕಲಿತಿದ್ದ ವಿದ್ಯೆ, ಮರೆತಿರಲಿಲ್ಲ. ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಒಳಗೆ ಗಂಡನ ಹಳೇ ಖಾಕಿ ಪ್ಯಾಂಟು, ಮೇಲೆ ಅವನದೇ ಶರ್ಟು. ಹೊಲದ ಕೆಲಸಕ್ಕೆ ಹೋಗುವ ನಮ್ಮ ಕಡೆಯ ಹೆಂಗಸರು ಸೀರೆಯ ಮೇಲೆ ಗಂಡಸರ ಶರ್ಟು ಹಾಕುವವರೇ. ಹಿಂದೆ ಹುಲ್ಲಿನ ಹೊರೆ ಇರುವವರೆಗೂ ನನ್ನ ಪ್ಯಾಂಟು ಕೂಡ ಯಾರ ಕಣ್ಣಿಗೂ ಬೀಳಲಿಲ್ಲ.

ಕಾಮಸಮುದ್ರದಲ್ಲಿ ನನ್ನ ತಂಗಿಯ ಮನೆ. ಅವಳ ಮಗುವಿನ ನಾಮಕರಣಕ್ಕೆ ಹೊರಟ ದಿನ ಬಸ್ಸು ಬರಲಿಲ್ಲ. ನಾನು ಸೈಕಲ್ ಹತ್ತಿದೆ. ದಾರಿಯಲ್ಲಿ ಎರಡು ಗುಡ್ಡಗಳ ಸಂದಿಯಲ್ಲಿ ತಿರುಗಿ ತಿರುಗಿ ಏರುವ ರಸ್ತೆ ಇದೆಯಲ್ಲ, ಅದನ್ನೇ ನಾವು ಕಣಿವೆ ಎನ್ನುವುದು. ತುದಿಯಲ್ಲಿ ಒಂದು ಆಲದ ಮರ, ಮರದ ಬುಡದಲ್ಲಿ ಕಣಿವೆ ಮುನೇಶ್ವರನ ಕಲ್ಲು. ಬಸ್ಸಿನ ಡ್ರೈವರುಗಳು ಅಲ್ಲಿ ಒಂದು ಸಲ ಹಾರನ್ ಹೊಡೆದು, ಸ್ಟೇರಿಂಗಿನಿಂದ ಒಂದು ಕೈ ತೆಗೆದು ಎದೆ ಮುಟ್ಟಿಕೊಂಡು ಮುಂದೆ ಹೋಗುತ್ತಾರೆ. ಅವತ್ತು ಆ ಏರನ್ನು ಪೂರ್ತಿ ತಳ್ಳಿಕೊಂಡೇ ಹತ್ತಿದೆ, ಬಸ್ಸಿನವರ ಮನೆ ಹಾಳಾಗ ಎಂದು ಬೈದುಕೊಂಡೇ ಹತ್ತಿದೆ.

ಸಂಜೆ ವಾಪಸು ಬರುವಾಗ ಆಚೆ ಕಡೆಯಿಂದಲೂ ತಳ್ಳಿಕೊಂಡು ಬಂದು, ಮುನೇಶ್ವರನ ಮುಂದೆ ನೀರು ಕುಡಿದು, ನಮ್ಮೂರಿನ ಕಡೆಗೆ ಇಳಿಯತೊಡಗಿದೆ. ಮೊದಲು ಭಯಕ್ಕೆ ಎರಡೂ ಬ್ರೇಕು ಒತ್ತಿ ಹಿಡಿದಿದ್ದೆ. ಎರಡನೇ ತಿರುವು ಕಳೆದ ಮೇಲೆ ಏನಾಯಿತೋ, ಬಿಟ್ಟೆ. ಗಾಳಿ ಶರ್ಟಿನೊಳಗೆ ನುಗ್ಗಿತು. ಕಾಲಿಗೆ ಕೆಲಸವಿಲ್ಲ, ಕೈಗೆ ಕೆಲಸವಿಲ್ಲ, ಹಿಂದಿನ ಚಕ್ರದ ಫ್ರೀವೀಲು ಟರ್ರ್ ಎನ್ನುತ್ತಿದೆ, ಬೂದಿಕೋಟೆ ಕಡೆಯ ಬಂಡೆಗುಡ್ಡಗಳೆಲ್ಲ ನನ್ನ ಎದುರಿಗೇ ಓಡಿ ಬರುತ್ತಿವೆ. ನಾನು ಒಬ್ಬಳೇ ಜೋರಾಗಿ ನಗುತ್ತಿದ್ದೆ. ಮದುವೆಯಾಗಿ ಬಂದ ಮೇಲೆ ಹಾಗೆ ನಕ್ಕ ನೆನಪು ನನಗಿಲ್ಲ. ಮುಂದಿನ ಭಾನುವಾರ ನಾಮಕರಣವೂ ಇಲ್ಲ, ತಂಗಿ ಕರೆದೂ ಇಲ್ಲ. ಹಾಲು ಕರೆದು, ಹಿಟ್ಟು ಬೇಯಿಸಿಟ್ಟು, ಸೈಕಲ್ ತೆಗೆದುಕೊಂಡು ಹೊರಟೇಬಿಟ್ಟೆ.

ಅದೇ ಅಭ್ಯಾಸವಾಯಿತು. ಆದರೆ ಇಳಿಯುವುದಕ್ಕಾಗಿ ಹತ್ತುವುದು ಎಂದುಕೊಂಡಿದ್ದವಳಿಗೆ ಹತ್ತುವುದರ ಹುಚ್ಚೇ ಜಾಸ್ತಿಯಾಯಿತು. ನೆಲಕ್ಕೆ ಕಾಲೂರದೆ ತುದಿ ಮುಟ್ಟಬೇಕು, ಅಷ್ಟೇ ನನ್ನ ಆಸೆ. ತುದಿಗೆ ಸ್ವಲ್ಪ ಮುಂಚೆ ಒಂದು ಹುಣಸೆಮರದ ತಿರುವಿದೆ. ಅಲ್ಲಿ ರಸ್ತೆ ಗೋಡೆ ಎದ್ದ ಹಾಗೆ ಎದ್ದು ನಿಲ್ಲುತ್ತದೆ. ಪ್ರತಿ ವಾರ ಅಲ್ಲಿಗೆ ಬರುವಷ್ಟರಲ್ಲಿ ಉಸಿರು ಕಿತ್ತುಕೊಂಡು ಬಂದು, ಸೈಕಲ್ಲು ಅತ್ತಿತ್ತ ಓಲಾಡಿ, ಕಾಲು ನೆಲ ಮುಟ್ಟುತ್ತಿತ್ತು. ನನಗೆ ಆ ತಿರುವಿನ ಮೇಲೆ ಬಂದ ಕೋಪ ನಾದಿನಿಯರ ಮೇಲೂ ಬಂದಿಲ್ಲ.

ಅಲ್ಲೇ ಒಂದು ಸಲ ಪೆರುಮಾಳ್ ಸಿಕ್ಕಿದ. ಕೆ.ಜಿ.ಎಫ್.ನ ಚಿನ್ನದ ಗಣಿಯಲ್ಲಿ ಕೆಲಸ, ನಡುವಯಸ್ಸು ದಾಟಿದವನು, ರಜೆಯ ದಿನ ಸೈಕಲ್ ತುಳಿದುಕೊಂಡು ಈ ಗುಡ್ಡಗಳ ಕಡೆ ಬರುತ್ತಿದ್ದ. ನಾನು ತಿರುವಿನಲ್ಲಿ ಕಾಲೂರಿ ಏದುಸಿರು ಬಿಡುತ್ತಿದ್ದರೆ ಅವನು ಮೆಲ್ಲಗೆ ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಓರೆಯಾಗಿ ತುಳಿಯುತ್ತಾ ಬಂದು ಪಕ್ಕದಲ್ಲಿ ನಿಂತ. ಯಾಕೆ ಬಂದೆ ಎಂದು ಕೇಳದ ಮೊದಲ ಮನುಷ್ಯ ಅವನು.

"ಹಿಂದೆ ದೊಡ್ಡ ಫ್ರೀವೀಲ್ ಹಾಕಿಸಕ್ಕಾ, ಕಾಲಿಗೆ ಹಗುರ ಆಗುತ್ತೆ. ನೇರಾ ಹತ್ತಬೇಡ, ಹಿಂಗೆ ಅಡ್ಡಡ್ಡ ಬಾ. ಮೇಲೆ ನೋಡಬೇಡ, ಚಕ್ರದ ಮುಂದೆ ಮಾತ್ರ ನೋಡು."

"ನೀನ್ಯಾಕಣ್ಣ ಇಷ್ಟು ದೂರ ಬತ್ತೀಯ?" ನೋಡಿ, ಊರಿನ ರೋಗ ನನಗೂ ಅಂಟಿತ್ತು.

ಅವನು ನಕ್ಕ. "ವಾರ ಎಲ್ಲಾ ಭೂಮಿ ಒಳಗೆ ಇಳಿಯೋದೇ ಕೆಲಸ ಅಲ್ಲವಾಕ್ಕಾ. ಒಂದು ದಿನಾನಾದರೂ ಮೇಲೆ ಹತ್ತಬೇಡವಾ?" ಎಂದು ಹೇಳಿ ತುಳಿದುಕೊಂಡು ಹೋದ.

ಅಷ್ಟೇ ಮಾತು. ಆದರೆ ಅಷ್ಟರಲ್ಲಿ ಬಸ್ಸೊಂದು ನಮ್ಮನ್ನು ದಾಟಿ ಹೋಗಿತ್ತು. ಮಧ್ಯಾಹ್ನ ನಾನು ಮನೆ ಸೇರುವ ಮೊದಲೇ ಸುದ್ದಿ ಸೇರಿತ್ತು. ನನ್ನ ಅತ್ತೆ ಅಕ್ಕಯ್ಯಮ್ಮ ಹೊಸ್ತಿಲಲ್ಲೇ ಕೂತಿದ್ದಳು.

"ಯಾವನ್ಲೇ ಅವನು, ಮೈನ್ಸಿನವನು?"

"ಸೈಕಲ್ಲು ತುಳಿಯೋನು ಅತ್ತೆ."

"ನಿಂಗೇನ್ ಬಂದಿದ್ದು ಅಲ್ಗೋಗೋ ಅಂತದ್ದು? ಉಲ್ಲು ತರ್ಲಿಲ್ಲ, ಸೌದೆ ತರ್ಲಿಲ್ಲ, ತಂಗಿ ಮನೇಗೂ ಓಗ್ಲಿಲ್ಲ. ಬರೀ ಕೈಯಾಗೆ ಓಗಿ ಬರೀ ಕೈಯಾಗೆ ಬರೋಕೆ ಬುದ್ಧಿ ನೆಟ್ಟಗಿಲ್ವಾ?"

"ನೆಟ್ಟಗೈತೆ. ಅದ್ಕೇ ಓಗ್ತೀನಿ."

ಅವತ್ತು ಮನೆಯಲ್ಲಿ ರಾಮಾಯಣವೇ ಆಯಿತು. ಗಂಡ ಮಾತ್ರ ಬಾಯಿ ಬಿಡಲಿಲ್ಲ. ಅವನು ಹಾಗೆಯೇ, ಮಾತು ಬಂದರೆ ಬೀಡಿ ಹಚ್ಚುವವನು. ಆದರೆ ಆ ವಾರ ಸೈಕಲ್ಲನ್ನು ಬಂಗಾರಪೇಟೆಗೆ ತುಳಿದುಕೊಂಡು ಹೋಗಿ ದೊಡ್ಡ ಫ್ರೀವೀಲ್ ಹಾಕಿಸಿಕೊಂಡು ಬಂದ. "ತಗೋ" ಎಂದಷ್ಟೇ ಅಂದ. ನಾನು ಅವತ್ತು ಅವನಿಗೆ ಉಪ್ಪುಸಾರಿನ ಜೊತೆ ಎರಡು ಮೊಟ್ಟೆ ಬೇಯಿಸಿ ಹಾಕಿದೆ.

ಊರಿನ ಬಾಯಿ ಮುಚ್ಚಿಸಿದವನು ಕದಿರಪ್ಪ. ಮುನೇಶ್ವರನ ಪೂಜೆ ಅವನ ಮನೆತನದ್ದು. ಊರಿನ ಹಿರಿಯ ಬೇರೆ, ನಾನು ಮಾವ ಎಂದು ಕರೆಯುತ್ತಿದ್ದೆ. ಒಂದು ದಿನ ಡೈರಿಯ ಮುಂದೆ ಹೆಂಗಸರು ಕಿಸಿಕಿಸಿ ಮಾಡುತ್ತಿದ್ದಾಗ ಅವನು ಗದರಿದನಂತೆ. "ಬಾಯ್ಮುಚ್ರಮ್ಮಾ. ಆಯಮ್ಮ ಅರಕೆ ಒತ್ಕೊಂಡವ್ಳೆ. ವಾರವಾರ ಬೆವರು ಸುರ್ಸಿ ಮುನೇಶ್ವರನ ತಾವ್ಕೆ ಓಗಿ ಕೂತ್ಕೋತಾಳೆ, ನಾನೇ ನೋಡಿವ್ನಿ. ಮಗ್ಳಿಗೆ ಮಕ್ಳಾಗ್ಲಿ ಅಂತ ಅಲ್ದೆ ಇನ್ಯಾತಕ್ಕೆ?"

ನನ್ನ ಒಬ್ಬಳೇ ಮಗಳು ಆದಿಲಕ್ಷ್ಮಿಯನ್ನು ಕುಪ್ಪಂ ಹತ್ತಿರದ ಹಳ್ಳಿಗೆ ಕೊಟ್ಟು ಕೆಲವು ವರ್ಷವಾಗಿತ್ತು, ಇನ್ನೂ ಬಸುರಾಗಿರಲಿಲ್ಲ. ಅದು ಊರಿಗೆಲ್ಲ ಗೊತ್ತಿತ್ತು. ಕದಿರಪ್ಪನ ಮಾತು ಎಲ್ಲರಿಗೂ ಹಿಡಿಸಿತು. ಹರಕೆ ಎಂದರೆ ಪ್ಯಾಂಟೂ ಸರಿ, ಖಾಲಿ ಕ್ಯಾರಿಯರೂ ಸರಿ. ನಿನ್ನೆಯವರೆಗೂ ಮೂತಿ ತಿರುಗಿಸುತ್ತಿದ್ದವರು ಭಾನುವಾರ ದಾರಿ ಬಿಟ್ಟು ನಿಂತು ಕೈ ಮುಗಿಯತೊಡಗಿದರು. ಅತ್ತೆಯಂತೂ ತಾನೇ ಬೆಳಗ್ಗೆ ಹಾಲು ಕರೆದು, "ನೀನು ಒರಡು, ಒತ್ತಾಗ್ತದೆ" ಎನ್ನುತ್ತಿದ್ದಳು. ನಾನು ಹರಕೆ ಎಂದು ಬಾಯಿಬಿಟ್ಟು ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಹಸಿದವಳ ಮುಂದೆ ಎಲೆ ಹಾಕಿದರೆ ಯಾರ ಮನೆಯ ಊಟ ಎಂದು ಕೇಳುತ್ತಾಳೆಯೇ? ಬಡಿಸಿಕೊಂಡೆ.

ಅಷ್ಟರಲ್ಲಿ ಆದಿಲಕ್ಷ್ಮಿ ಬಸುರಾದಳು.

ಸುದ್ದಿ ಕೇಳಿ ನಾನು, ಅತ್ತೆ-ಸೊಸೆಯೆಂಬುದನ್ನು ಮರೆತು ಅಕ್ಕಯ್ಯಮ್ಮನನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಆದರೆ ಆ ವಾರದಿಂದ ಕಣಿವೆ ನನ್ನ ಕೈ ತಪ್ಪಿತು. ನಾಲ್ಕು ಊರಿನ ಹೆಂಗಸರು, ತಮ್ಮ ಹರಕೆಯನ್ನೂ ಮುನೇಶ್ವರನಿಗೆ ಮುಟ್ಟಿಸೆಂದು ನನ್ನ ಬಾಗಿಲಿಗೆ ಬಂದರು. ಪಕ್ಕದ ಮನೆಯ ಪಾಪಕ್ಕ ಮೈದುನನ ಕುಡಿತ ಬಿಡಿಸಲು ನನ್ನ ಸೈಕಲ್ಲಿಗೆ ಒಂದು ತೆಂಗಿನಕಾಯಿ ಕಟ್ಟಿದಳು. ಇನ್ನೊಬ್ಬಳು ಹಸು ಗಬ್ಬ ನಿಲ್ಲಲೆಂದು ಬೆಲ್ಲದ ಗಂಟು ಇಟ್ಟಳು. ನಿಂಬೆಹಣ್ಣು, ಬಳೆ, ಅರಿಶಿನದ ಬಟ್ಟೆ. ನನ್ನ ಕ್ಯಾರಿಯರ್ ಮೇಲೆ ಮತ್ತೆ ಊರಿನ ಮೂಟೆ ಬಂದು ಕೂತಿತು. ದೊಡ್ಡ ಫ್ರೀವೀಲು ಹಾಕಿಸಿದ್ದರೂ ಹುಣಸೆಮರದ ತಿರುವು ದಾಟಲಾಗಲಿಲ್ಲ. ಅದೆಲ್ಲ ಬೇಡ ಎನ್ನಲು ಬಾಯಿ ತೆರೆದರೆ, "ನಿನ್ ಮಗ್ಳಿಗೆ ಆದ್ರೆ ಸಾಕಾ?" ಎಂದು ಕೇಳುತ್ತಿದ್ದರು.

ಆದಿಲಕ್ಷ್ಮಿಗೆ ಏಳು ತುಂಬಿ, ಅವಳನ್ನು ಬಾಣಂತನಕ್ಕೆ ಕರೆದುಕೊಂಡು ಬಂದೆವು. ಮಾರನೆಯ ದಿನವೇ ಕದಿರಪ್ಪ ಬಂದು ಜಗಲಿಯಲ್ಲಿ ಕೂತ.

"ಅರಕೆ ತೀರ್ಸಬೇಕಮ್ಮಾ. ಎರಿಗೆಗೆ ಮುಂಚೇನೇ ಆಗ್ಬೇಕು. ಓತ ಕಡ್ದು ದ್ಯಾವ್ರ ಮಾಡಾನ. ತೊಟ್ಲು ಮರಕ್ಕೆ ಕಟ್ಟು, ಸೈಕಲ್ಲೂ ಅಲ್ಲೇ ಕಟ್ಟು. ಕೂತಿದ್ದ ವಾಹನ ದ್ಯಾವ್ರಿಗೇ ಸೇರ್ಬೇಕು."

"ಕಟ್ಬುಟ್ರೆ ನಾನು ಎಂಗ್ ಮಾವ ಕಣಿವೆ ಅತ್ತಲಿ?"

"ಇನ್ಯಾಕಮ್ಮ ಅತ್ತೀಯ? ತೀರಿದ ಅರಕೇನ ಮತ್ತೆ ಮಾಡ್ಬಾರ್ದು. ದ್ಯಾವ್ರನ್ನ ಪರೀಕ್ಷೆ ಮಾಡ್ದಂಗೆ. ಒಟ್ಟೇಲಿರೋ ಮಗೂಗೆ ಒಳ್ಳೇದಲ್ಲ."

ಆ ಭಾನುವಾರ ಗಂಡನ ಹತ್ತಿರ ಹೇಳಿಕೊಂಡೆ. ಅವನು ಬೀಡಿ ಆರಿಸಿ ಯೋಚನೆ ಮಾಡಿ, "ಊರ್ ಜೊತೆ ಜಗಳ ಬ್ಯಾಡ ಕಣೆ. ಬೇರೆ ಸೈಕಲ್ಲು ತಂದ್ಕೊಡ್ತೀನಿ, ಮನೆ ಹಿಂದ್ಗಡೆ ಬಯಲಾಗೆ ತುಳ್ಕೋ" ಎಂದ.

"ಗಾಣದ ಎತ್ತಾ ನಾನು, ಒಂದೇ ಕಡೆ ಸುತ್ತೋಕೆ?" ಎಂದು ರೇಗಿದೆ. ಅವನದೂ ತಪ್ಪಿಲ್ಲ ಪಾಪ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು. ಹರಕೆಯಲ್ಲ ಎಂದು ಈಗ ಹೇಳಿ, ನಾಳೆ ಹೆರಿಗೆಯಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಊರು ನನ್ನನ್ನು ಬಿಡುತ್ತದೆಯೇ? ಊರು ಹಾಳಾಗಲಿ, ನನ್ನನ್ನು ನಾನು ಬಿಡುತ್ತೇನೆಯೇ? ಅದಕ್ಕಿಂತ ಹೆಚ್ಚಾಗಿ ನನ್ನ ಬಾಯಿ ಕಟ್ಟಿದ್ದು ಆದಿಲಕ್ಷ್ಮಿ. ಅವಳು ಬಂದಾಗಿನಿಂದ ನನ್ನ ಕಾಲುಗಳಿಗೆ ಎಣ್ಣೆ ತಿಕ್ಕುತ್ತಿದ್ದಳು. "ನಂಗೋಸ್ಕರ ಎಷ್ಟು ಕಷ್ಟಪಟ್ಟೆ ಅಮ್ಮಾ. ನಮ್ಮೂರಾಗೆ ಎಲ್ಲರ್ತಾವೂ ಏಳಿವ್ನಿ" ಎನ್ನುತ್ತಿದ್ದಳು. ಆ ಎಣ್ಣೆ ನನಗೆ ಕಾದ ಎಣ್ಣೆಯ ಹಾಗೆ ಸುಡುತ್ತಿತ್ತು.

ಮುನೇಶ್ವರನಿಗೆ ಹೋತ ಕಡಿದು ಊಟ ಹಾಕುವ ದ್ಯಾವರದ ದಿನ ಬಂತು. ಸೈಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಹ್ಯಾಂಡಲ್ಲಿಗೆ ಸೇವಂತಿಗೆ ಹಾರ ಹಾಕಿದರು. ಕ್ಯಾರಿಯರ್ ಮೇಲೆ ಮರದ ಪುಟ್ಟ ತೊಟ್ಟಿಲು, ಬಾಳೆಗೊನೆ, ಕಾಯಿಗಳ ಚೀಲ. ಊರಿನವರು ಟ್ರಾಕ್ಟರಿನಲ್ಲಿ, ಅವರ ಜೊತೆಗೆ ಹೋತ, ತಮಟೆಯವರು. ಅತ್ತೆ, ಗಂಡ, ಮಗಳು ನಮ್ಮ ಹಿಂದೆ ಬರುವ ಬಸ್ಸಿಗೆ. ಬಸುರಿ ರಕ್ತ ನೋಡಬಾರದೆಂದು, ಪೂಜೆಯಾದ ಕೂಡಲೇ ಅವಳನ್ನು ವಾಪಸು ಕಳಿಸಿ ಆಮೇಲೆ ಹೋತ ಕಡಿಯುವುದೆಂದು ಮಾತಾಗಿತ್ತು. ಕಡೆಯ ಸಲ ನಾನು ತುಳಿದುಕೊಂಡೇ ಬರಬೇಕೆಂದು ಕದಿರಪ್ಪ ಅಪ್ಪಣೆ ಕೊಟ್ಟಿದ್ದ.

ಕಣಿವೆಯ ಬುಡಕ್ಕೆ ಬಂದ ಮೇಲೆ ನಾನು ಇಳಿದೆ. ತೊಟ್ಟಿಲು, ಗೊನೆ, ಚೀಲ ಎಲ್ಲ ಬಿಚ್ಚಿ ಟ್ರಾಕ್ಟರಿಗೆ ಎತ್ತಿ ಹಾಕಿದೆ. "ದ್ಯಾವ್ರ ಸಾಮಾನು ಟ್ರಾಕ್ಟರಾಗೆ ಬರ್ಲಿ" ಎಂದೆ. ಯಾರೋ ಏನೋ ಅಂದರು. ಕೇಳಿಸಿಕೊಳ್ಳಲಿಲ್ಲ.

ಕಡೆಯ ಸಲ ಎಂಬ ಮಾತು ಹೊಟ್ಟೆಯಲ್ಲಿ ಕಿಚ್ಚು ಹಚ್ಚಿತ್ತು. ತುಳಿದೆ. ಈ ಅಂಚಿನಿಂದ ಆ ಅಂಚಿಗೆ, ಆ ಅಂಚಿನಿಂದ ಈ ಅಂಚಿಗೆ. ಹಿಂದೆ ತಮಟೆಯ ಸದ್ದು, ಟ್ರಾಕ್ಟರಿನ ಹೊಗೆ. ಮೇಲೆ ನೋಡಲಿಲ್ಲ. ಹುಣಸೆಮರದ ನೆರಳು ಚಕ್ರದ ಮುಂದೆ ಬಂದಾಗ ತೊಡೆಗಳು ನಡುಗಿದವು, ಸೀಟು ಬಿಟ್ಟು ಎದ್ದು ನಿಂತು ಮೈಭಾರವನ್ನೆಲ್ಲ ಪೆಡಲಿನ ಮೇಲೆ ಹಾಕಿದೆ. ಒಂದು ಕಾಲು, ಇನ್ನೊಂದು ಕಾಲು. ಸೈಕಲ್ಲು ನಿಂತೇಹೋಯಿತು ಎನ್ನುವಷ್ಟು ನಿಧಾನವಾಗಿ ಮುಂದೆ ಸರಿಯಿತು. ಆಮೇಲೆ ನೆರಳು ಹಿಂದೆ ಬಿತ್ತು. ಬಿಸಿಲು ಬಂತು. ತಿರುವು ದಾಟಿದ್ದೆ! ಅದೇ ಹೊತ್ತಿಗೆ ಬಸ್ಸು ನನ್ನನ್ನು ದಾಟಿತು. ನಾನು ಹುಚ್ಚಿಯ ಹಾಗೆ ನಗುತ್ತಿದ್ದೆ. ಕಿಟಕಿಯಲ್ಲಿ ಆದಿಲಕ್ಷ್ಮಿಯ ಮುಖ ಕಂಡ ಹಾಗಾಯಿತು.

ತುದಿಯಲ್ಲಿ ಇಳಿದಾಗ ಕಾಲು ನಿಲ್ಲುತ್ತಿರಲಿಲ್ಲ. ಆಲದ ಮರದ ಸುತ್ತ ಜನ ಸೇರಿದರು. ಕದಿರಪ್ಪ ಕರ್ಪೂರ ಹಚ್ಚಿ, "ಬಾ ತಾಯಿ. ಏನ್ ಅರಕೆ ಒತ್ತಿದ್ದೆ, ತೀರ್ತು ಅಂತ ದ್ಯಾವ್ರ ಮುಂದೆ ಬಾಯ್ಬಿಟ್ಟು ಏಳು" ಎಂದ.

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಆಗ ತಾನೇ ನನ್ನ ಕಾಲಿನಿಂದ ಗೆದ್ದ ಕಣಿವೆಯನ್ನು ಬಾಯಿಂದ ಕೊಟ್ಟುಬಿಡಲು ನನಗೆ ಮನಸ್ಸು ಬರಲಿಲ್ಲ.

"ನಾನೇನೂ ಅರಕೆ ಒತ್ತಿರ್ಲಿಲ್ಲ ಮಾವ."

ತಮಟೆ ನಿಂತಿತು.

"ಸುಮ್ನೆ ಬತ್ತಿದ್ದೆ. ಅತ್ತೋದು ಅಂದ್ರೆ ನಂಗಿಷ್ಟ. ಇಳ್ಯೋದು ಅದ್ಕಿಂತ ಇಷ್ಟ. ಅಷ್ಟೇಯ."

ಅತ್ತೆ ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟಳು. ಕದಿರಪ್ಪನ ಮುಖ ಕೆಂಪಾಯಿತು. "ದ್ಯಾವ್ರತಾವ್ಕೆ ಸುಮ್ನೆ ಬತ್ತಾರೇನಮ್ಮಾ? ಇನ್ಯಾರಿಗೋಸ್ಕರ ಬತ್ತಿದ್ದೆ, ಆ ಮೈನ್ಸಿನವನಿಗಾ?"

"ಅವನೂ ಸೈಕಲ್ಲು ತುಳಿಯೋಕೆ ಬತ್ತಾನೆ, ನಾನೂ ಸೈಕಲ್ಲು ತುಳಿಯೋಕೆ ಬತ್ತೀನಿ. ನಿಮ್ಗೆ ಬ್ಯಾರೆ ಏನೂ ಒಳೀದೇ ಓದ್ರೆ ನಾನೇನ್ ಮಾಡ್ಲಿ? ನೀವೆಲ್ಲ ಈ ಕಲ್ಲಿನ ಮುಂದೆ ಅದ್ಕೊಡು ಇದ್ಕೊಡು ಅಂತ ಬತ್ತೀರ. ಇಷ್ಟು ದಿನ ಕೂತು ನೀರು ಕುಡ್ದು ಎದ್ದೋದೋಳು ನಾನು, ಒಂದಿನಾನೂ ಏನೂ ಕೇಳ್ಲಿಲ್ಲ. ಅವನಿಗೇನಾದ್ರೂ ಬೇಜಾರಿದ್ರೆ ಅವನೇ ಏಳ್ಲಿ."

ಮರಕ್ಕೆ ಕಟ್ಟಿದ್ದ ಹೋತ ಬುಟ್ಟಿಯಲ್ಲಿದ್ದ ಹೂವು ತಿನ್ನುತ್ತಿತ್ತು. ಜನರ ಹಿಂದಿನಿಂದ ಆದಿಲಕ್ಷ್ಮಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಮುಂದೆ ಬಂದಳು. ಅವಳ ಕಣ್ಣು ತುಂಬಿತ್ತು.

"ನಂಗೋಸ್ಕರ ಅಲ್ವಾ ಅಮ್ಮಾ?"

ಇದಕ್ಕೇ ನಾನು ಹೆದರಿದ್ದು. ಊರಿಗೆ ಉತ್ತರ ಕೊಡುವುದು ಏನು ಮಹಾ. ಹೆತ್ತ ಮಗಳಿಗೆ ಕಣ್ಣಲ್ಲಿ ಕಣ್ಣಿಟ್ಟು ಹೇಳಬೇಕಿತ್ತು.

"ಅಲ್ಲ ಕಣೇ. ನಿಂಗೋಸ್ಕರ ಉಲ್ಲು ಒತ್ತೆ, ಅಸು ಸಾಕ್ದೆ, ಒಲೆ ಮುಂದೆ ಕೂತೆ. ನಾಳೆ ನಿನ್ ಬಾಣಂತನಾನೂ ಮಾಡ್ತೀನಿ. ಈ ಕಣಿವೆ ಒಂದು ನಂಗೋಸ್ಕರ."

ಅವಳು ನನ್ನನ್ನೇ ನೋಡುತ್ತಾ ನಿಂತಳು. ನಾನು ಹ್ಯಾಂಡಲ್ಲಿನ ಹಾರ ತೆಗೆದು ಮುನೇಶ್ವರನ ಕಲ್ಲಿಗೆ ಹಾಕಿ, ಸೈಕಲ್ಲನ್ನು ರಸ್ತೆಯ ಕಡೆ ತಿರುಗಿಸಿದೆ. ಕದಿರಪ್ಪ ಓಡಿ ಬಂದು ಹ್ಯಾಂಡಲ್ ಹಿಡಿದುಕೊಂಡ.

"ಇದು ದ್ಯಾವ್ರ ಸೊತ್ತು. ಇಲ್ಲೇ ಬಿಟ್ಟೋಗು. ತಗೊಂಡೋದ್ರೆ ಉಟ್ಟೋ ಮಗೂ ಮೇಲಾಣೆ!"

ಆ ಮಾತಿಗೆ ನನ್ನ ಕೈ ಸಡಿಲವಾಯಿತು. ನಿಜವಾಗಿಯೂ ಸಡಿಲವಾಯಿತು. ಇನ್ನೊಂದು ಕ್ಷಣ ಕಳೆದಿದ್ದರೆ ಬಿಟ್ಟೇಬಿಡುತ್ತಿದ್ದೆನೋ ಏನೋ. ಅಷ್ಟರಲ್ಲಿ ಆದಿಲಕ್ಷ್ಮಿ ಬಂದು ಕದಿರಪ್ಪನ ಬೆರಳುಗಳನ್ನು ಹ್ಯಾಂಡಲ್ಲಿನಿಂದ ಒಂದೊಂದಾಗಿ ಬಿಡಿಸಿದಳು.

"ಬಿಡು ತಾತ. ಮಗು ನಂದು. ಅದ್ರ ಮೇಲೆ ಆಣೆ ಇಡೋಕೆ ನೀನ್ಯಾರು?"

ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದಳು. ಅವಳ ಕೋಪ ಇನ್ನೂ ಇಳಿದಿರಲಿಲ್ಲ.

"ಬಸ್ಸಿಂದ ನೋಡ್ದೆ ನಿನ್ನ. ನೀನು ಅಂಗೆ ನಗೋದ ನಾನು ಉಟ್ಟಿದಾಗ್ನಿಂದ ನೋಡೇ ಇಲ್ಲ. ಒರಡಮ್ಮ ನೀನು."

ನಾನು ಸೈಕಲ್ ಹತ್ತಿದೆ.